ಶೋಧದ ಜಾಡು, ವ್ಯಾಪಾರದ ಗುಟ್ಟು: ಅಳಿಸಬೇಕಾದುದು ಮತ್ತು ಉಳಿಸಬೇಕಾದುದು

ಉತ್ತರ ಕರ್ನಾಟಕದ ಜಾನುವಾರು ಸಂತೆಗಳಲ್ಲಿ ಕೊಡುವವನೂ ಕೊಳ್ಳುವವನೂ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವ ಪದ್ಧತಿ ಹಿಂದಿನಿಂದ ಬಂದುದು. ವ್ಯವಹಾರ ನಡೆಯುತ್ತಿರುವುದು ಸುತ್ತಲಿನವರಿಗೆ ಕಾಣುತ್ತದೆ. ಬೆಲೆ ಮಾತ್ರ ಕಾಣದು. ಗುಟ್ಟಿನ ಮೌಲ್ಯವನ್ನು ವರ್ತಕರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ಅದೇ ವರ್ತಕರು ಇಂದು ಮನಸ್ಸಿನಲ್ಲಿರುವುದನ್ನೆಲ್ಲ ಅಂಗಡಿಯ ಗಣಕಯಂತ್ರದಲ್ಲೋ ಮೊಬೈಲಿನಲ್ಲೋ ಬರೆದು ಹುಡುಕುತ್ತಾರೆ. ಆ ಬರಹ ಎಲ್ಲಿ ಉಳಿಯುತ್ತದೆ, ಯಾರ ಕಣ್ಣಿಗೆ ಬೀಳುತ್ತದೆ ಎಂಬುದನ್ನು ಮಾತ್ರ ವಿಚಾರಿಸುವುದಿಲ್ಲ.

ಅಫಜಲಪುರ ತಾಲ್ಲೂಕಿನ ಅತನೂರದಲ್ಲಿ ತೊಗರಿ ಖರೀದಿಸಿ ಕಲಬುರಗಿಯ ದಾಲ್ ಮಿಲ್ಲುಗಳಿಗೆ ಕಳುಹಿಸುವ ಒಬ್ಬ ವರ್ತಕರನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಸುಗ್ಗಿಯ ಒಂದು ವಾರದಲ್ಲಿ ಅವರು ಹುಡುಕುವ ವಿಷಯಗಳು ಇವು: ಕಲಬುರಗಿ, ಲಾತೂರು, ಸೊಲ್ಲಾಪುರಗಳ ದರ, ಗೋದಾಮು ರಸೀದಿಯ ಮೇಲಿನ ಸಾಲ, ಆಸ್ತಿ ಅಡಮಾನದ ಬಡ್ಡಿ, ಜಿಎಸ್‌ಟಿ ನೋಟಿಸಿಗೆ ಉತ್ತರಿಸುವ ಕ್ರಮ, ಮನೆಯವರ ಕಾಯಿಲೆಗೆ ತಕ್ಕ ಆಸ್ಪತ್ರೆ. ಬಿಡಿಬಿಡಿಯಾಗಿ ಇವು ಸಾಮಾನ್ಯ ಪ್ರಶ್ನೆಗಳೇ. ಒಟ್ಟಿಗೆ ಓದಿದವನಿಗೆ ಮಾತ್ರ ಬೇರೆಯೇ ಅರ್ಥ ಹೊಳೆಯುತ್ತದೆ: ಈ ವರ್ತಕರಿಗೆ ಹಣದ ತುರ್ತಿದೆ, ಮಾಲನ್ನು ಹೆಚ್ಚು ದಿನ ಹಿಡಿದಿಡಲಾರರು. ಇದನ್ನರಿತ ಖರೀದಿದಾರನು ಕ್ವಿಂಟಲಿಗೆ 100 ರೂಪಾಯಿ ಇಳಿಸಿ ಕೇಳಿದರೆ, 500 ಕ್ವಿಂಟಲಿನ ಮೇಲೆ ಆಗುವ ನಷ್ಟ 50,000 ರೂಪಾಯಿ.

ಹೆಸರಿಲ್ಲದಿದ್ದರೂ ಶೋಧದ ಪದಗಳೇ ವ್ಯಕ್ತಿಯನ್ನು ಗುರುತಿಸಿಕೊಡಬಲ್ಲವು. 2006ರ ಆಗಸ್ಟ್‌ನಲ್ಲಿ ಅಮೆರಿಕದ ಎಒಎಲ್ ಸಂಸ್ಥೆಯು ಸಂಶೋಧಕರ ಉಪಯೋಗಕ್ಕೆಂದು ಸುಮಾರು 6.5 ಲಕ್ಷ ಬಳಕೆದಾರರ ಸುಮಾರು 2 ಕೋಟಿ ಶೋಧಗಳನ್ನು ಬಹಿರಂಗಪಡಿಸಿತು. ಹೆಸರುಗಳ ಬದಲಿಗೆ ಸಂಖ್ಯೆಗಳನ್ನು ಕೊಡಲಾಗಿತ್ತು. ಆದರೂ ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರರು ಒಂದು ಸಂಖ್ಯೆಯ ಹಿಂದಿದ್ದ ಮಹಿಳೆಯನ್ನು ಅವರ ಶೋಧಗಳಿಂದಲೇ ಪತ್ತೆಹಚ್ಚಿದರು.

ಮೂರು ಕಡೆ ದಾಖಲಾಗುವ ಜಾಡು

ಶೋಧದ ಜಾಡು ಒಂದೇ ಕಡೆ ಇರುವುದಿಲ್ಲ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ನಮೂದು ಸ್ವಂತ ಕಿರ್ದಿಯಲ್ಲಿಯೂ ಎದುರು ಪಕ್ಷದ ಖಾತೆಯಲ್ಲಿಯೂ ಇರುತ್ತದೆ. ಕಿರ್ದಿಯ ಹಾಳೆ ಹರಿದ ಮಾತ್ರಕ್ಕೆ ಎದುರಿನವರ ಖಾತೆ ಖಾಲಿಯಾಗದು.

ಮೊದಲನೆಯದು ಬ್ರೌಸರ್. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮುಂತಾದವು ಭೇಟಿ ನೀಡಿದ ತಾಣಗಳ ಪಟ್ಟಿಯನ್ನು ಯಂತ್ರದಲ್ಲಿಯೇ ಇಡುತ್ತವೆ. ಗಣಕಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಳಿಸುವ ಕಿಟಕಿ ತೆರೆಯುತ್ತದೆ. ಮೊಬೈಲಿನ ಕ್ರೋಮ್‌ನಲ್ಲಿ ಮೂರು ಚುಕ್ಕೆಗಳನ್ನು ಒತ್ತಿ ‘ಹಿಸ್ಟರಿ’ಗೆ ಹೋಗಬೇಕು. ಕಾಲಾವಧಿಯನ್ನು ‘ಆಲ್ ಟೈಮ್’ ಎಂದು ಆರಿಸದಿದ್ದರೆ ಹಳೆಯ ಪಟ್ಟಿ ಹಾಗೆಯೇ ಉಳಿಯುತ್ತದೆ. ಉಳಿಸಿಟ್ಟ ಪಾಸ್‌ವರ್ಡುಗಳು ಇದರಿಂದ ತಾವಾಗಿ ಹೋಗುವುದಿಲ್ಲ. ಅವುಗಳನ್ನು ಪ್ರತ್ಯೇಕವಾಗಿ ತೆಗೆಯಬೇಕು.

ಇಲ್ಲಿ ಹಲವರು ಎಡವುವ ಅಂಶವೊಂದುಂಟು. ಮಾಲೀಕರ ಗೂಗಲ್ ಖಾತೆಯನ್ನು ಅಂಗಡಿಯ ಗಣಕಯಂತ್ರದಲ್ಲಿಯೂ ತೆರೆದು ‘ಸಿಂಕ್’ ಸೌಲಭ್ಯವನ್ನು ಚಾಲ್ತಿಯಲ್ಲಿಟ್ಟರೆ, ಅವರು ರಾತ್ರಿ ಮನೆಯಲ್ಲಿ ಮೊಬೈಲಿನ ಕ್ರೋಮ್‌ನಲ್ಲಿ ಹುಡುಕಿದ್ದು ಬೆಳಿಗ್ಗೆ ಗುಮಾಸ್ತರ ಮುಂದಿನ ಪರದೆಯ ಮೇಲೆ ಕಾಣಸಿಗಬಹುದು.

ಎರಡನೆಯದು ಶೋಧ ಸಂಸ್ಥೆಯ ಖಾತೆ. ಗೂಗಲ್ ಖಾತೆ ತೆರೆದಿರುವಾಗ ಮಾಡಿದ ಶೋಧಗಳು, ‘ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ’ ಚಾಲ್ತಿಯಲ್ಲಿದ್ದರೆ, ಆ ಸಂಸ್ಥೆಯ ಯಂತ್ರಗಳಲ್ಲಿ ಸಂಗ್ರಹವಾಗುತ್ತವೆ. ಬ್ರೌಸರ್ ಅಳಿಸಿದರೂ ಇವು ಉಳಿಯುತ್ತವೆ. ಇವುಗಳನ್ನು ನೋಡಲು, ಅಳಿಸಲು ‘ಮೈ ಆ್ಯಕ್ಟಿವಿಟಿ’ ಎಂಬ ಪುಟವಿದೆ. 3, 18 ಅಥವಾ 36 ತಿಂಗಳಿಗಿಂತ ಹಳೆಯದು ತಾನಾಗಿ ಅಳಿಯುವಂತೆ ಅಲ್ಲಿ ನಿಗದಿಪಡಿಸಬಹುದು. 2020ರ ಜೂನ್ ನಂತರ ತೆರೆದ ಹೊಸ ಖಾತೆಗಳಿಗೆ 18 ತಿಂಗಳ ಅವಧಿ ಮೊದಲೇ ನಿಗದಿಯಾಗಿರುತ್ತದೆ. ಅದಕ್ಕೂ ಹಳೆಯ ಖಾತೆಯುಳ್ಳವರು ಒಮ್ಮೆ ಪರಿಶೀಲಿಸಿಕೊಳ್ಳುವುದು ಲೇಸು.

ಮೂರನೆಯದು ಅಂತರಜಾಲ ಸೇವೆ ನೀಡುವ ಸಂಸ್ಥೆ ಮತ್ತು ಭೇಟಿ ನೀಡಿದ ಜಾಲತಾಣ. ಇಂದು ಬಹುತೇಕ ತಾಣಗಳಲ್ಲಿ ಗೂಢಲಿಪೀಕರಣವಿರುವುದರಿಂದ ಸೇವಾ ಸಂಸ್ಥೆಗೆ ಸಾಮಾನ್ಯವಾಗಿ ತಾಣದ ಹೆಸರು ತಿಳಿಯುತ್ತದೆಯೇ ಹೊರತು ಹುಡುಕಿದ ಪದಗಳು ತಿಳಿಯುವುದಿಲ್ಲ. ಆದರೆ ಸೇವಾ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ದಾಖಲೆಗಳನ್ನು 180 ದಿನ ಕಾಯ್ದಿಡಬೇಕೆಂದು ಕೇಂದ್ರ ಸರ್ಕಾರದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ನೀಡಿದೆ. ಈ ದಾಖಲೆಯನ್ನು ಅಳಿಸುವುದು ಬಳಕೆದಾರರ ಕೈಯಲ್ಲಿಲ್ಲ.

ಗುಪ್ತ ಕಿಟಕಿಯ ಮಿತಿ

‘ಇನ್‌ಕಾಗ್ನಿಟೊ’ ಕಿಟಕಿಯಲ್ಲಿ ಹುಡುಕಿದರೆ ಯಾರಿಗೂ ತಿಳಿಯದೆಂಬ ನಂಬಿಕೆ ವ್ಯಾಪಕವಾಗಿದೆ. ಈ ಕಿಟಕಿಯು ಅದೇ ಯಂತ್ರವನ್ನು ಮುಂದೆ ಬಳಸುವವರಿಂದ ಮಾತ್ರ ಜಾಡನ್ನು ಮರೆಮಾಡುತ್ತದೆ. ಜಾಲತಾಣದಿಂದಾಗಲಿ ಸೇವಾ ಸಂಸ್ಥೆಯಿಂದಾಗಲಿ ಮರೆಮಾಡುವುದಿಲ್ಲ. ಈ ವಿಷಯದಲ್ಲಿ ಗೂಗಲ್ ವಿರುದ್ಧ 2020ರಲ್ಲಿ ಅಮೆರಿಕದಲ್ಲಿ ದಾವೆ ಹೂಡಲಾಯಿತು. 2024ರ ರಾಜಿ ಒಪ್ಪಂದದಲ್ಲಿ ಶತಕೋಟಿಗಟ್ಟಲೆ ದಾಖಲೆಗಳನ್ನು ನಾಶಪಡಿಸಲು ಸಂಸ್ಥೆಯು ಒಪ್ಪಿಕೊಂಡಿತು.

ಅಳಿಸಬಾರದ ದಾಖಲೆಗಳು

ಶೋಧದ ಜಾಡು ಬೇರೆ, ವ್ಯಾಪಾರದ ದಾಖಲೆ ಬೇರೆ. ‘ಎಲ್ಲವನ್ನೂ ಶುಚಿಗೊಳಿಸುವ’ ಉತ್ಸಾಹದಲ್ಲಿ ಇವೆರಡನ್ನೂ ಬೆರೆಸಿದರೆ ಗೌಪ್ಯತೆಯ ಲಾಭಕ್ಕಿಂತ ಕಾನೂನಿನ ತೊಂದರೆಯೇ ಹೆಚ್ಚಾದೀತು.

ಕೇಂದ್ರ ಜಿಎಸ್‌ಟಿ ಅಧಿನಿಯಮದ 36ನೆಯ ಕಲಮಿನಂತೆ, ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪುಸ್ತಕಗಳನ್ನು ಕಾಯ್ದಿಡಬೇಕು. ವಿವರಪಟ್ಟಿಗೆ 2025ರ ಡಿಸೆಂಬರ್ 31 ಕೊನೆಯ ದಿನವಾಗಿದ್ದ ವರ್ಷದ ದಾಖಲೆಗಳು 2031ರ ಡಿಸೆಂಬರ್ 31ರವರೆಗೆ ಇರತಕ್ಕದ್ದು. ಮೇಲ್ಮನವಿ ಅಥವಾ ವಿಚಾರಣೆ ಬಾಕಿಯಿದ್ದರೆ ಅವಧಿ ಇನ್ನೂ ಬೆಳೆಯಬಹುದು. ಕಂಪನಿಗಳಾದರೆ 2013ರ ಕಂಪನಿಗಳ ಅಧಿನಿಯಮದ 128ನೆಯ ಕಲಮಿನಂತೆ 8 ಹಣಕಾಸು ವರ್ಷಗಳ ಪುಸ್ತಕಗಳನ್ನು ಇಡಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡು ದಾಖಲಾಗಬೇಕು, ಅದನ್ನು ಸ್ಥಗಿತಗೊಳಿಸುವಂತಿಲ್ಲ.

ದರ ಒಪ್ಪಿಕೊಂಡ ವಾಟ್ಸಾಪ್ ಸಂದೇಶ, ಮಾಲು ತಲುಪಿದ ಬಗೆಗಿನ ಇ-ಮೇಲ್ ಇವೂ ದಾಖಲೆಗಳೇ. ಮಾಲಿನ ಗುಣಮಟ್ಟದ ಬಗ್ಗೆ ವ್ಯಾಜ್ಯ ಬಂದಾಗ, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ವಿಧಿಗಳನ್ನು ಪಾಲಿಸಿ ಇವುಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸಬಹುದು. ಆದುದರಿಂದ ವ್ಯಾಪಾರದ ಸಂಭಾಷಣೆಗಳಿಗೆ ತಾನಾಗಿ ಅಳಿಯುವ ಸಂದೇಶದ ಸೌಲಭ್ಯವನ್ನು ಬಳಸದಿರುವುದು ಕ್ಷೇಮ. ನ್ಯಾಯಾಲಯದ ಅಥವಾ ಅಧಿಕಾರಿಯ ಮುಂದೆ ಸಾಕ್ಷ್ಯವಾಗಿ ಹಾಜರುಪಡಿಸಬೇಕಾದ ವಿದ್ಯುನ್ಮಾನ ದಾಖಲೆಯನ್ನು, ಅದು ಸಿಗದಂತೆ ಮಾಡುವ ಉದ್ದೇಶದಿಂದ ನಾಶಪಡಿಸಿದರೆ, ಭಾರತೀಯ ನ್ಯಾಯ ಸಂಹಿತೆಯ 241ನೆಯ ಕಲಮಿನಂತೆ ಅದು ಅಪರಾಧ. ನೋಟಿಸು ಕೈಸೇರಿದ ಮೇಲೆ ಶೋಧದ ಪಟ್ಟಿಯನ್ನೂ ಸೇರಿಸಿ ಏನನ್ನಾದರೂ ಅಳಿಸುವ ಮುನ್ನ ಸಲಹೆಗಾರರನ್ನು ಕೇಳತಕ್ಕದ್ದು.

ಹಕ್ಕು ಮತ್ತು ಹೊಣೆ

ಗೌಪ್ಯತೆಯು ಭಾರತದಲ್ಲಿ ಮೂಲಭೂತ ಹಕ್ಕೆಂದು ಸಾರಿದ ತೀರ್ಪಿಗೆ ಕರ್ನಾಟಕದ ನಂಟಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸಲ್ಲಿಸಿದ ಅರ್ಜಿಯ ಮುಂದುವರಿಕೆಯಾಗಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು ಏಕಕಂಠದಿಂದ ಈ ತೀರ್ಪು ನೀಡಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಬಂದಿತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಮುಖ್ಯ ಕರ್ತವ್ಯಗಳ ಜಾರಿಗೆ ಅಲ್ಲಿಂದ 18 ತಿಂಗಳ ಅವಧಿ ನೀಡಲಾಗಿದೆ.

ಈ ಅಧಿನಿಯಮದ 12ನೆಯ ಕಲಮು ತನ್ನ ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕನ್ನು ವ್ಯಕ್ತಿಗೆ ಕೊಡುತ್ತದೆ. ಕಾನೂನಿನ ಪ್ರಕಾರ ಇಟ್ಟುಕೊಳ್ಳಲೇಬೇಕಾದ ಮಾಹಿತಿಗೆ ವಿನಾಯಿತಿಯಿದೆ. ಗೂಗಲ್‌ನಂತಹ ಸಂಸ್ಥೆಗಳಿಂದ ಮಾತ್ರ ಈ ಹಕ್ಕನ್ನು ಕೇಳಬಹುದೆಂದು ವರ್ತಕರು ಭಾವಿಸಬಾರದು. ಮೊಬೈಲಿನಲ್ಲೋ ಗಣಕಯಂತ್ರದಲ್ಲೋ ರೈತರ ಆಧಾರ್ ಚಿತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಪುಟ, ದೂರವಾಣಿ ಸಂಖ್ಯೆಗಳನ್ನು ವ್ಯಾಪಾರಕ್ಕಾಗಿ ಸಂಗ್ರಹಿಸುವ ಖರೀದಿದಾರನೂ ಆ ಮಾಹಿತಿಗೆ ಹೊಣೆಗಾರನೇ. ಭದ್ರತಾ ಕ್ರಮ ಕೈಗೊಳ್ಳದ ಲೋಪಕ್ಕೆ ಅಧಿನಿಯಮವು 250 ಕೋಟಿ ರೂಪಾಯಿಯವರೆಗೆ ದಂಡವನ್ನು ಗೊತ್ತುಪಡಿಸಿದೆ. ತನ್ನ ಗುಟ್ಟು ಕಾಯಬೇಕೆನ್ನುವವನು ರೈತನ ಗುಟ್ಟನ್ನೂ ಕಾಯಬೇಕಾಗುತ್ತದೆ.

ಅಂಗಡಿಯಲ್ಲಿ ಪಾಲಿಸತಕ್ಕ ಕ್ರಮಗಳು

1. ಮಾಲೀಕರಿಗೂ ಗುಮಾಸ್ತರಿಗೂ ಗಣಕಯಂತ್ರದಲ್ಲಿ ಪ್ರತ್ಯೇಕ ಬಳಕೆದಾರ ಖಾತೆಗಳಿರಲಿ. ಕುರ್ಚಿ ಬಿಟ್ಟೇಳುವಾಗ ವಿಂಡೋಸ್ ಕೀಲಿಯೊಡನೆ ‘ಎಲ್’ ಒತ್ತಿದರೆ ಪರದೆಗೆ ಬೀಗ ಬೀಳುತ್ತದೆ.

2. ಮಾಲೀಕರ ವೈಯಕ್ತಿಕ ಗೂಗಲ್ ಖಾತೆಯನ್ನು ಅಂಗಡಿಯ ಯಂತ್ರದಲ್ಲಿ ತೆರೆಯಬಾರದು. ವ್ಯಾಪಾರಕ್ಕೆ ಬೇರೊಂದು ಖಾತೆ ಇರಲಿ.

3. ಸೇವಾ ಕೇಂದ್ರ ಅಥವಾ ಸೈಬರ್ ಕೆಫೆಗಳಲ್ಲಿ ಜಿಎಸ್‌ಟಿ, ಬ್ಯಾಂಕ್ ತಾಣಗಳನ್ನು ಬಳಸಬೇಕಾಗಿ ಬಂದರೆ ಗುಪ್ತ ಕಿಟಕಿಯನ್ನು ಬಳಸಬೇಕು. ‘ಪಾಸ್‌ವರ್ಡ್ ಉಳಿಸಲೇ’ ಎಂಬ ಪ್ರಶ್ನೆಗೆ ಬೇಡವೆಂದು ಉತ್ತರಿಸಬೇಕು. ಲಾಗ್‌ಔಟ್ ಮಾಡಿ, ಇಳಿಸಿಕೊಂಡ ಕಡತಗಳನ್ನು ಆ ಯಂತ್ರದಿಂದ ತೆಗೆದು ಹೊರಡಬೇಕು.

4. ಬ್ಯಾಂಕಿನ ಸಹಾಯವಾಣಿ ಸಂಖ್ಯೆಯನ್ನು ಶೋಧ ಫಲಿತಾಂಶದಿಂದ ಆರಿಸಬಾರದು. ವಂಚಕರು ಅಲ್ಲಿ ನಕಲಿ ಸಂಖ್ಯೆಗಳನ್ನು ಹರಿಬಿಡುತ್ತಾರೆ. ಪಾಸ್‌ಬುಕ್ಕಿನ ಅಥವಾ ಕಾರ್ಡಿನ ಮೇಲಿರುವ ಸಂಖ್ಯೆಯೇ ಸುರಕ್ಷಿತ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

5. ‘ಮೈ ಆ್ಯಕ್ಟಿವಿಟಿ’ಯಲ್ಲಿ 3 ತಿಂಗಳ ಸ್ವಯಂ ಅಳಿಸುವಿಕೆಯನ್ನು ಒಮ್ಮೆ ನಿಗದಿಪಡಿಸಿದರೆ ಎರಡನೆಯ ಕಡೆಯ ಜಾಡಿನ ಚಿಂತೆ ಬಹುಮಟ್ಟಿಗೆ ತೀರುತ್ತದೆ.

ಈ ಕೆಲಸಕ್ಕೆ ಬೇರೆ ದಿನ ಹುಡುಕಬೇಕಾಗಿಲ್ಲ. ಜಿಎಸ್‌ಟಿ ವಿವರಪಟ್ಟಿ ಸಲ್ಲಿಸುವ ದಿನವೇ ಮೊದಲು ಬಿಲ್ಲು, ಇ-ವೇ ಬಿಲ್ಲುಗಳ ಪ್ರತಿಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ, ನಕಲು ತೆರೆಯುತ್ತದೆಯೇ ಎಂದು ನೋಡಿ, ಅನಂತರ ಬ್ರೌಸರ್ ಜಾಡನ್ನು ಅಳಿಸುವುದು ಸೂಕ್ತ. ಮೊದಲು ಉಳಿಸುವುದು, ನಂತರ ಅಳಿಸುವುದು ಎಂಬ ಈ ಕ್ರಮವನ್ನು ಗುಮಾಸ್ತರಿಗೂ ಬರೆದುಕೊಡತಕ್ಕದ್ದು.