ನರ ಹೊಲಿದ ಮೇಲೆ ಎಷ್ಟು ದಿನ?

ಪ್ರಶ್ನೆ: ನಮ್ಮ ಪುಸ್ತಕದಲ್ಲಿ ನರದ ಮೇಲಿನ ಮಯಲಿನ್ ಹೊದಿಕೆಯನ್ನು ಕರೆಂಟ್ ವೈರಿನ ಪ್ಲಾಸ್ಟಿಕ್‌ಗೆ ಹೋಲಿಸಿದ್ದಾರೆ. ಪ್ಲಾಸ್ಟಿಕ್ ಹಾಕಿದರೆ ಕರೆಂಟ್ ಬೇಗ ಓಡುವುದಿಲ್ಲವಲ್ಲ ಸರ್. ನರದಲ್ಲಿ ಮಾತ್ರ ವೇಗ ಹೇಗೆ ಹೆಚ್ಚುತ್ತದೆ?
— ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಸರಿಯಾದ ಜಾಗದಲ್ಲೇ ಅನುಮಾನ ಬಂದಿದೆ ನಿನಗೆ. ಆ ಹೋಲಿಕೆ ಅರ್ಧ ದಾರಿಗೆ ನಿಂತುಬಿಡುತ್ತದೆ. ಮಯಲಿನ್ ಎಂದರೆ ಜೀವಂತ ಕೋಶದ ಪೊರೆ. ಕೈಕಾಲಿನ ನರಗಳಲ್ಲಿ ಶ್ವಾನ್ ಕೋಶವು ನರತಂತುವಿಗೆ ತನ್ನ ಪೊರೆಯನ್ನೇ ಚಾಪೆ ಸುರುಳಿ ಸುತ್ತಿದ ಹಾಗೆ ಹತ್ತಾರು ಸುತ್ತು ಸುತ್ತುತ್ತದೆ. 1954ರಲ್ಲಿ ಬೆಟ್ಟಿ ಗೆರೆನ್ ಎಂಬ ವಿಜ್ಞಾನಿ ಕೋಳಿ ಭ್ರೂಣದ ನರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ಈ ಸುತ್ತುವಿಕೆಯನ್ನು ತೋರಿಸಿಕೊಟ್ಟರು. ಒಂದು ಕೋಶದ ಸುರುಳಿ ಮುಗಿದು ಮುಂದಿನದು ಶುರುವಾಗುವ ನಡುವೆ ಒಂದು ಸಣ್ಣ ತೆರಪು ಉಳಿಯುತ್ತದೆ. ಅದೇ ರಾನ್ವಿಯೆ ಗಂಟು. ನರದ ಸಂಕೇತ ಮರಳಿ ಬಲ ಪಡೆಯುವುದು ಈ ಗಂಟುಗಳಲ್ಲಿ ಮಾತ್ರ. ಹಾಗಾಗಿ ಅದು ಗಂಟಿನಿಂದ ಗಂಟಿಗೆ ಜಿಗಿಯುತ್ತ ಹೋಗುತ್ತದೆ. ಹೊದಿಕೆ ಇಲ್ಲದ ತಂತುವಿನಲ್ಲಿ ಆ ಕೆಲಸ ಉದ್ದಕ್ಕೂ, ಒಂದಿಷ್ಟೂ ಜಾಗ ಬಿಡದೆ ನಡೆಯಬೇಕು.

ಹೊಸ್ತಿಲಿಗೆ ಕಾಲ್ಬೆರಳು ಎಡವಿದಾಗ ಗಮನಿಸು. ಮೊದಲು ಚುರುಕ್ಕೆಂದು ಒಂದು ನೋವು. ಅದು ಮುಗಿಯಿತು ಅನ್ನುವಷ್ಟರಲ್ಲಿ ಒಳಗಿನಿಂದ ಏಳುವ ಇನ್ನೊಂದು ನೋವು. ಮೊದಲನೆಯದನ್ನು ತಂದದ್ದು ತೆಳು ಹೊದಿಕೆಯ ತಂತುಗಳು. ಎರಡನೆಯದನ್ನು ತಂದದ್ದು ಹೊದಿಕೆಯೇ ಇಲ್ಲದವು, ಸೆಕೆಂಡಿಗೆ ಸುಮಾರು 1 ಮೀಟರ್ ನಡಿಗೆಯಲ್ಲಿ. ದಪ್ಪ ಹೊದಿಕೆಯ ತಂತುಗಳು ಸೆಕೆಂಡಿಗೆ 100 ಮೀಟರ್ ದಾಟುವುದೂ ಉಂಟು.

ಪ್ರಶ್ನೆ: ತೋಟದಲ್ಲಿ ಕತ್ತಿ ಜಾರಿ ಮೊಣಕೈಯ ಒಳಬದಿ ಕಡಿದುಹೋಯಿತು. ಅದೇ ದಿನ ನರ ಹೊಲಿದರು. ನಾಲ್ಕು ತಿಂಗಳಾಯಿತು, ಕಿರುಬೆರಳಿಗೂ ಪಕ್ಕದ ಬೆರಳಿಗೂ ಸ್ಪರ್ಶವೇ ಇಲ್ಲ. ಹೊಲಿಗೆ ಕೂಡಿಲ್ಲವೇ? ಇನ್ನೊಂದು ಆಪರೇಷನ್ ಬೇಕೇ?
— ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ಈ ಪ್ರಶ್ನೆ ನನ್ನ ಮುಂದೆ ಮತ್ತೆ ಮತ್ತೆ ಬರುತ್ತದೆ. ಹೊಲಿಗೆ ಹಾಕಿದ ದಿನವೇ ಇದನ್ನು ಬಿಡಿಸಿ ಹೇಳಿಬಿಟ್ಟರೆ ಎಷ್ಟು ಮನೆಗಳ ಆತಂಕ ಕಡಿಮೆಯಾದೀತು ಎನಿಸುತ್ತದೆ. ತುಂಡಾದ ವೈರನ್ನು ಸೇರಿಸಿದ ಕ್ಷಣ ಬಲ್ಬು ಹತ್ತಿಕೊಳ್ಳುತ್ತದೆ. ನರ ಹಾಗೆ ನಡೆದುಕೊಳ್ಳುವುದಿಲ್ಲ. ಕಡಿದ ಜಾಗದಿಂದ ಬೆರಳ ತುದಿಯವರೆಗಿನ ತಂತುಗಳೆಲ್ಲ ಸಾಯುತ್ತವೆ, ಎಷ್ಟೇ ಚೆನ್ನಾಗಿ ಹೊಲಿದಿದ್ದರೂ. 1850ರಲ್ಲಿ ಆಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯ ನರ ಕತ್ತರಿಸಿ ಇದನ್ನು ಮೊದಲು ವಿವರಿಸಿದರು. ನಿಮಗೆ ಹಾಕಿದ ಹೊಲಿಗೆ ಕೂಡಿಸಿರುವುದು ತಂತುಗಳು ಹಾದುಹೋಗುವ ಕೊಳವೆಗಳನ್ನು.

ಆಮೇಲಿನ ಕೆಲಸ ಶ್ವಾನ್ ಕೋಶಗಳದ್ದು. ಅವು ತಾವೇ ಸುತ್ತಿದ್ದ ಮಯಲಿನ್ನನ್ನು ಒಡೆದು, ರಕ್ತದಿಂದ ಬಂದ ಕಸಗುಡಿಸುವ ಕೋಶಗಳ ಜೊತೆ ಸೇರಿ ಕೊಳವೆಯನ್ನು ಚೊಕ್ಕ ಮಾಡುತ್ತವೆ. ಮತ್ತೆ ಸಾಲಾಗಿ ನಿಂತು ಹೊಸ ಚಿಗುರಿಗೆ ದಾರಿ ತೋರುತ್ತವೆ. ಚಿಗುರು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕೈಯಿಂದ ಕಿರುಬೆರಳ ತುದಿಗೆ ಟೇಪು ಹಿಡಿದು ನೋಡಿ, ಹೆಚ್ಚುಕಡಿಮೆ 40 ಸೆಂಟಿಮೀಟರ್ ಇದ್ದೀತು. ಆರಂಭದ ಕೆಲವು ವಾರಗಳನ್ನು ಕಳೆದರೆ ನಿಮ್ಮ ಚಿಗುರು ಈಗ ಮುಂಗೈಯ ನಡುಭಾಗವನ್ನೂ ಮುಟ್ಟಿರಲಾರದು. ಬೆರಳು ತಲುಪಲು ಒಟ್ಟು ವರ್ಷದ ಮೇಲೆಯೇ ಬೇಕು.

ಬೆಳೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಸುಲಭದ ದಾರಿಯಿದೆ. ಮುಂದಿನ ಸಲ ಹೋದಾಗ ವೈದ್ಯರು ಮಣಿಕಟ್ಟಿನಿಂದ ಮೇಲಕ್ಕೆ ನರದ ಗುಂಟ ಬೆರಳಿನಿಂದ ಕುಟ್ಟಿ ನೋಡಲಿ. ಎಲ್ಲಿ ಕುಟ್ಟಿದಾಗ ಕಿರುಬೆರಳಲ್ಲಿ ಜುಮ್ಮೆನ್ನುತ್ತದೋ ಅಲ್ಲಿಯವರೆಗೆ ಚಿಗುರು ಬಂದಿದೆ. ಆ ಜಾಗ ತಿಂಗಳಿಂದ ತಿಂಗಳಿಗೆ ಕೆಳಗಿಳಿಯುತ್ತಿದ್ದರೆ ಎರಡನೇ ಆಪರೇಷನ್ ಮಾತು ಬೇಡ. ತಿಂಗಳುಗಟ್ಟಲೆ ಹೊಲಿಗೆಯಲ್ಲೇ ನಿಂತುಬಿಟ್ಟರೆ ಮಾತ್ರ ತಡಮಾಡದೆ ಶಸ್ತ್ರವೈದ್ಯರನ್ನು ಕಾಣಿ. 1915ರಲ್ಲಿ, ಮಹಾಯುದ್ಧದ ನಡುವೆ, ಫ್ರಾನ್ಸಿನ ತಿನೆಲ್ ಮತ್ತು ಜರ್ಮನಿಯ ಹಾಫ್‌ಮನ್ ಇಬ್ಬರೂ ಈ ಗುರುತನ್ನು ಬರೆದಿಟ್ಟರು. ಶತ್ರು ದೇಶಗಳ ಇಬ್ಬರು ವೈದ್ಯರಿಗೆ ಗಾಯಾಳುಗಳ ಕೈಗಳು ಒಂದೇ ಪಾಠ ಹೇಳಿದ್ದವು.

ಒಂದು ಮಾತನ್ನು ಮುಚ್ಚಿಡಲಾರೆ. ಹೊಸ ಹೊದಿಕೆ ಹಳೆಯದಕ್ಕಿಂತ ತೆಳು, ಗಂಟುಗಳೂ ಹತ್ತಿರ ಹತ್ತಿರ. ಸಂಕೇತದ ವೇಗ ಸ್ವಲ್ಪ ಕಡಿಮೆಯೇ ಉಳಿಯುತ್ತದೆ. ಇಷ್ಟು ಮೇಲೆ ಕಡಿದಾಗ ಸ್ಪರ್ಶ ಬಹುಪಾಲು ಮರಳಬಹುದು. ಆದರೆ ಅಂಗೈಯ ಸಣ್ಣ ಸ್ನಾಯುಗಳು ನರಕ್ಕಾಗಿ ಬಹಳ ದಿನ ಕಾಯಲಾರವು, ಅವುಗಳ ಶಕ್ತಿ ಪೂರ್ತಿ ಬರುವುದು ಕಷ್ಟ. ಆದ್ದರಿಂದ ಫಿಸಿಯೋಥೆರಪಿ ಬಿಡಬೇಡಿ, ಬೆರಳುಗಳ ಕೀಲು ಬಿಗಿಯಾಗಲು ಕೊಡಬೇಡಿ. ಅಡಿಕೆ ಬೇಯಿಸುವ ಹಂಡೆಯ ಹತ್ತಿರ ಆ ಕೈ ಹೋಗದಿರಲಿ, ಸುಟ್ಟರೂ ನಿಮಗೆ ಗೊತ್ತಾಗದು.

ಪ್ರಶ್ನೆ: ಭೇದಿಯಾಗಿ ಹತ್ತು ದಿನಕ್ಕೆ ನಮ್ಮ ಯಜಮಾನರ ಕಾಲು ಸೋತವು, ಆಮೇಲೆ ಕೈ, ಆಮೇಲೆ ಉಸಿರು. ಗಿಯಾನ್-ಬಾರೆ ಎಂದರು. ವೆಂಟಿಲೇಟರ್‌ನಿಂದ ಹೊರಬಂದು ಮನೆಗೆ ಬಂದಿದ್ದಾರೆ. ಮತ್ತೆ ನಡೆದಾರೇ? ಮಕ್ಕಳಿಗೆ ಅಂಟುತ್ತದೆಯೇ?
— ಗೃಹಿಣಿ, ಕೋಲಾರ

ಉತ್ತರ: ಅಂಟುವುದಿಲ್ಲ ತಾಯಿ, ಮಕ್ಕಳು ಅಪ್ಪನ ಮಗ್ಗುಲಲ್ಲೇ ಇರಲಿ. ಭೇದಿಯ ರೋಗಾಣುವಿನ ಮೇಲೆ ಎದ್ದ ದೇಹದ ರಕ್ಷಣಾಪಡೆ ತಪ್ಪು ತಿಳಿದು ಸ್ವಂತ ನರಗಳ ಮೇಲೆ ಬಿದ್ದಿದೆ. 1916ರಲ್ಲಿ ಗಿಯಾನ್, ಬಾರೆ, ಸ್ಟ್ರೋಲ್ ಎಂಬ ಫ್ರೆಂಚ್ ವೈದ್ಯರು ಇಬ್ಬರು ಸೈನಿಕರಲ್ಲಿ ಇದನ್ನು ವಿವರಿಸಿದರು. ಆ ಇಬ್ಬರೂ ಚೇತರಿಸಿಕೊಂಡರು.

ನಿಮ್ಮ ಯಜಮಾನರ ಕಡತದಲ್ಲಿ ನರಗಳ ವೇಗ ಅಳೆದ ಎನ್‌ಸಿವಿ ವರದಿ ಇರುತ್ತದೆ. ಪೆಟ್ಟು ಹೊದಿಕೆಗೆ ಮಾತ್ರವೋ, ಒಳಗಿನ ತಂತುವಿಗೂ ಬಿದ್ದಿದೆಯೋ ಎಂದು ಅದನ್ನು ನೋಡಿ ವೈದ್ಯರನ್ನು ಕೇಳಿ. ಹೊದಿಕೆ ಮಾತ್ರವಾದರೆ ಶ್ವಾನ್ ಕೋಶಗಳು ಕೆಲವು ವಾರ, ಕೆಲವು ತಿಂಗಳಲ್ಲಿ ಮತ್ತೆ ಸುತ್ತುತ್ತವೆ. ತಂತುವೇ ಕೆಟ್ಟಿದ್ದರೆ ಮೇಲಿನ ಶಿರಸಿಯವರಿಗೆ ಹೇಳಿದ ಲೆಕ್ಕವೇ ಬರಬಹುದು. ಹೆಚ್ಚಿನವರು ಮರಳಿ ನಡೆಯುತ್ತಾರೆ. ಬೇಗ ಸುಸ್ತಾಗುವುದು ಮಾತ್ರ ಬಹಳ ಕಾಲ ಉಳಿಯುತ್ತದೆ. ಅದನ್ನು ಸೋಮಾರಿತನ ಎಂದು ಯಾರೂ ಅನ್ನದಂತೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮವ್ವಗ 62 ವರ್ಷ, ಸಸ್ಯಾಹಾರಿ. ಸಕ್ಕರೆ ಕಾಯಿಲೆಗೆ ಎಂಟು ವರ್ಷದಿಂದ ಮೆಟ್‌ಫಾರ್ಮಿನ್ ಗುಳಿಗಿ ತಗೋತಾಳ. ಎರಡೂ ಪಾದ ಜೋಮು. ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದರ ತೂರಾಡ್ತಾಳ. ನರದೌರ್ಬಲ್ಯ ಅಂತ ಟಾನಿಕ್ ಕೊಟ್ಟಾರ. ಸಾಕೇನ್ರಿ?
— ಶಿಕ್ಷಕಿ, ಧಾರವಾಡ

ಉತ್ತರ: ಸಾಲದು. ಪಾದದ ಜೋಮು ಸಕ್ಕರೆ ಕಾಯಿಲೆಯಿಂದಲೂ ಬರುತ್ತದೆ. ಆದರೆ ಕಣ್ಣು ಮುಚ್ಚಿದರೆ ತೂರಾಡುವುದನ್ನು ಕೇಳಿದ ಮೇಲೆ ಬಿ12 ಕೊರತೆಯನ್ನು ಪರೀಕ್ಷಿಸದೆ ಬಿಡುವಂತಿಲ್ಲ. ಪಾದ ಎಲ್ಲಿದೆ ಎಂಬ ಸುದ್ದಿ ಬೆನ್ನುಹುರಿಯ ಹಿಂಭಾಗದ ದಪ್ಪ ಹೊದಿಕೆಯ ತಂತುಗಳಲ್ಲಿ ಮೇಲೇರುತ್ತದೆ. ಬಿ12 ಕಡಿಮೆಯಾದರೆ ಆ ಹೊದಿಕೆ ಊದಿ ಕಳಚುತ್ತದೆ. ಕಣ್ಣು ತೆರೆದಿರುವಾಗ ನೋಟ ಆ ಕೊರತೆಯನ್ನು ತುಂಬಿಕೊಡುತ್ತದೆ. ಈ ವಿಟಮಿನ್ ಸೊಪ್ಪು ಕಾಳುಗಳಲ್ಲಿಲ್ಲ, ಸಸ್ಯಾಹಾರಿಗೆ ಹಾಲು ಮೊಸರೇ ಗತಿ. ಮೆಟ್‌ಫಾರ್ಮಿನ್ ದೇಹ ಅದನ್ನು ಹೀರುವುದನ್ನು ಇನ್ನಷ್ಟು ತಗ್ಗಿಸುತ್ತದೆ. ಹಾಗೆಂದು ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ.

ಈ ವಾರವೇ ರಕ್ತ ಪರೀಕ್ಷೆ ಮಾಡಿಸಿ. ಕಡಿಮೆಯಿದ್ದರೆ ಇಂಜೆಕ್ಷನ್ ಬೇಕಾಗುತ್ತದೆ. ತಿಂಗಳುಗಳೊಳಗೆ ಹಿಡಿದರೆ ಚೇತರಿಕೆ ಚೆನ್ನಾಗಿರುತ್ತದೆ, ವರ್ಷಗಟ್ಟಲೆ ಬಿಟ್ಟದ್ದು ಪೂರ್ತಿ ಮರಳದು. ಟಾನಿಕ್ಕಿನ ಚೀಟಿ ಓದಿ ನೋಡಿ. ಬಿ12 ಇಲ್ಲದೆ ಫೋಲಿಕ್ ಆಮ್ಲ ಮಾತ್ರ ಇದ್ದರೆ ರಕ್ತಹೀನತೆ ಸರಿಹೋದಂತೆ ಕಂಡು, ಒಳಗೆ ನರ ಕೆಡುತ್ತಲೇ ಹೋಗಬಹುದು. ಅಲ್ಲಿಯವರೆಗೆ ಅವ್ವ ಮುಖ ತೊಳೆಯುವಲ್ಲಿ ಗೋಡೆಗೊಂದು ಹಿಡಿಕೆ ಹಾಕಿಸಿ.