ಜಠರದ ಪಟ್ಟಿ: ಹಿತವಾದ ಬಿಗಿ ಯಾವುದು?

ಬೊಜ್ಜು ಇಳಿಸುವ ಶಸ್ತ್ರಚಿಕಿತ್ಸೆಯೆಂದರೆ ಈಗ ಬಹುಮಂದಿಗೆ ನೆನಪಾಗುವುದು ಜಠರದ ದೊಡ್ಡ ಭಾಗವನ್ನು ಕತ್ತರಿಸಿ ತೆಗೆಯುವ ವಿಧಾನ. ಆದರೆ ಏನನ್ನೂ ಕತ್ತರಿಸದೆ, ಜಠರದ ಮೇಲ್ತುದಿಗೆ ಸಿಲಿಕೋನಿನ ಪಟ್ಟಿಯೊಂದನ್ನು ಸುತ್ತಿ ಕೂಡಿಸುವ ವಿಧಾನವೂ ಒಂದುಂಟು. ಗ್ಯಾಸ್ಟ್ರಿಕ್ ಬ್ಯಾಂಡ್ ಎಂದು ಅದಕ್ಕೆ ಹೆಸರು. ಬೆಲ್ಜಿಯಂ ದೇಶದಲ್ಲಿ ಡಾ. ಮಿಟಿಕು ಬೆಲಾಚ್ಯೂ ಅವರು 1993ರಲ್ಲಿ ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ, ಸಣ್ಣ ರಂಧ್ರಗಳ ಮೂಲಕವೇ ಇದನ್ನು ಮೊದಲು ಅಳವಡಿಸಿದರು. ಅಮೆರಿಕದ ಸರ್ಕಾರ 2001ರಲ್ಲಿ ಅನುಮತಿ ನೀಡಿತು. 2011ರಲ್ಲಿ ಆ ದೇಶದಲ್ಲಿ ನಡೆದ ಬೊಜ್ಜಿನ ಶಸ್ತ್ರಚಿಕಿತ್ಸೆಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಈ ಬಗೆಯವೇ ಆಗಿದ್ದವು. 2018ರ ವೇಳೆಗೆ ಅದು ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. ಹೊಸದಾಗಿ ಹಾಕಿಸಿಕೊಳ್ಳುವವರು ವಿರಳವಾದರೂ ಹಿಂದೆ ಹಾಕಿಸಿಕೊಂಡವರ ಹೊಟ್ಟೆಯಲ್ಲಿ ಪಟ್ಟಿ ಹಾಗೆಯೇ ಇದೆಯಷ್ಟೆ. ಬೆಂಗಳೂರಿನಲ್ಲಿ ಮಾಡಿಸಿಕೊಂಡವರು, ಹೊರದೇಶದಲ್ಲಿರುವ ಮಕ್ಕಳ ಮನೆಗೆ ಹೋದಾಗ ಮಾಡಿಸಿಕೊಂಡು ಬಂದವರು, ಹೀಗೆ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಕೆಲವರು ನಮ್ಮ ಬಳಿಗೂ ಬರುತ್ತಾರೆ. ಅವರೆಲ್ಲರ ಪ್ರಶ್ನೆ ಒಂದೇ: ಪಟ್ಟಿಯ ಬಿಗಿ ಸರಿಯಾಗಿದೆಯೇ? ಈ ಸಂಚಿಕೆಯಲ್ಲಿ ನಾವು ಅದನ್ನಷ್ಟೇ ವಿಚಾರ ಮಾಡಬಯಸುತ್ತೇವೆ. ಪಟ್ಟಿಗೆ ಸೂಜಿ ಹಾಕುವುದು ಶಸ್ತ್ರವೈದ್ಯರ ಕೆಲಸ, ನಮ್ಮದಲ್ಲ. ಆದರೆ ಯಾವಾಗ ಅವರ ಬಳಿಗೆ ಹೋಗಬೇಕು, ಹೋದಾಗ ಏನು ಹೇಳಬೇಕು ಎಂಬುದು ರೋಗಿಗೆ ತಿಳಿದಿರಲೇಬೇಕು.

ಪಟ್ಟಿಯ ಒಳಮೈಯಲ್ಲಿ ಬಲೂನಿನಂತಹ ಪೊಳ್ಳು ಉಂಟು. ಅಲ್ಲಿಂದ ಸಣ್ಣ ಕೊಳವೆಯೊಂದು ಹೊರಟು ಹೊಟ್ಟೆಯ ಚರ್ಮದ ಕೆಳಗೆ ಇರಿಸಿದ ಪೋರ್ಟ್ ಎಂಬ ಗುಂಡಿಗೆ ಸೇರುತ್ತದೆ. ವೈದ್ಯರು ಚರ್ಮದ ಮೇಲಿನಿಂದ ಆ ಗುಂಡಿಗೆ ಸೂಜಿ ಚುಚ್ಚಿ ಸಲೈನ್ ನೀರನ್ನು ತುಂಬಿದರೆ ಪಟ್ಟಿ ಬಿಗಿಯಾಗುತ್ತದೆ, ತೆಗೆದರೆ ಸಡಿಲವಾಗುತ್ತದೆ. ಪಟ್ಟಿಯ ಮಾದರಿಯನ್ನು ಅನುಸರಿಸಿ 4 ಮಿಲಿಲೀಟರಿನಿಂದ 14 ಮಿಲಿಲೀಟರಿನವರೆಗೆ ನೀರು ಹಿಡಿಯುತ್ತದೆ. ಆದ್ದರಿಂದ ‘ಅವರಿಗೆ ಆರು ಹಾಕಿದ್ದಾರೆ, ನನಗೆ ಮೂರೇ’ ಎಂದು ಹೋಲಿಸಿ ಕೊರಗುವುದು ವ್ಯರ್ಥ. ಒಂದೇ ಮಾದರಿಯ ಪಟ್ಟಿಯಿರುವ ಇಬ್ಬರಿಗೂ ಒಂದೇ ಅಳತೆ ಹೊಂದುವುದಿಲ್ಲ.

ಪಟ್ಟಿಯು ಅನ್ನವನ್ನು ಅಡ್ಡಗಟ್ಟಿ ನಿಲ್ಲಿಸುವ ಕಟ್ಟೆ ಎಂದು ಹಲವರು ತಿಳಿದಿದ್ದಾರೆ. ಕಟ್ಟೆ ಎತ್ತರಿಸಿದಷ್ಟೂ ಲಾಭವೆಂಬ ಭಾವನೆ ಹುಟ್ಟುವುದು ಇಲ್ಲಿಂದಲೇ. ವಾಸ್ತವದಲ್ಲಿ ಚೆನ್ನಾಗಿ ಅಗಿದ ತುತ್ತು ಪಟ್ಟಿಯನ್ನು ದಾಟಿ ಕೆಳಗಿಳಿಯಬೇಕು. ಇಳಿಯುವಾಗ ಅಲ್ಲಿನ ಗೋಡೆಯನ್ನು ಮೆಲ್ಲನೆ ಒತ್ತುತ್ತದೆ. ಆ ಒತ್ತಡವು ನರಗಳ ಮೂಲಕ ಮೆದುಳಿಗೆ ‘ಸಾಕು’ ಎಂಬ ಸುದ್ದಿಯನ್ನು ಮುಟ್ಟಿಸುತ್ತದೆ. ಪಟ್ಟಿಯ ನಿಜವಾದ ಕೆಲಸ ಹಸಿವನ್ನು ತಗ್ಗಿಸುವುದು. ಊಟವನ್ನು ಗಂಟಲಲ್ಲೇ ತಡೆಯುವುದು ಅದರ ಕೆಲಸವಲ್ಲ.

ಹಿತವಾದ ಬಿಗಿಯನ್ನು ಗುರುತಿಸಲು ಆಸ್ಟ್ರೇಲಿಯಾದ ಮೆಲ್ಬರ್ನಿನ ವೈದ್ಯರು ಹಳದಿ, ಹಸಿರು, ಕೆಂಪು ಎಂಬ ಮೂರು ವಲಯಗಳ ಕ್ರಮವನ್ನು ಬಳಕೆಗೆ ತಂದರು. ಊಟವಾದ ಒಂದೆರಡು ಗಂಟೆಗೇ ಹಸಿವು, ತಟ್ಟೆ ತುಂಬ ಉಂಡರೂ ತೃಪ್ತಿಯಿಲ್ಲ, ಅಡುಗೆಮನೆಯ ಡಬ್ಬಿಗಳತ್ತಲೇ ಮನಸ್ಸು, ತೂಕ ಇಳಿಯದು: ಇದು ಹಳದಿ. ಪಟ್ಟಿ ಸಡಿಲವಾಗಿದೆ, ನೀರು ಸೇರಿಸಬೇಕಾಗಬಹುದು. ಸಣ್ಣ ಊಟಕ್ಕೇ ತೃಪ್ತಿ, ಮುಂದಿನ ಹೊತ್ತಿನವರೆಗೂ ಹಸಿವು ಕಾಡದು, ಪಲ್ಯ, ಚಪಾತಿ, ಕಾಳು ಎಲ್ಲವೂ ಅಗಿದರೆ ಇಳಿಯುತ್ತವೆ, ತೂಕ ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿಯುತ್ತಿದೆ: ಇದು ಹಸಿರು. ಇಲ್ಲಿ ಯಾವುದನ್ನೂ ಬದಲಿಸಬಾರದು. ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳುವುದು, ಉಂಡದ್ದು ಬಾಯಿಗೆ ಮರಳುವುದು, ಎದೆಯುರಿ, ಮಲಗಿದಾಗ ಕೆಮ್ಮು: ಇದು ಕೆಂಪು. ನೀರನ್ನು ತೆಗೆಸಬೇಕು.

ನಮ್ಮ ಶಾಸ್ತ್ರವನ್ನು ಓದಿದವರಿಗೆ ಈ ಹಸಿರು ವಲಯ ಅಪರಿಚಿತವಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಎರಡನೆಯ ಅಧ್ಯಾಯದಲ್ಲಿ ಆಹಾರದ ಮಾತ್ರೆಯ, ಎಂದರೆ ಪ್ರಮಾಣದ, ವಿಚಾರ ಬರುತ್ತದೆ. ಹೊಟ್ಟೆಯನ್ನು ಮೂರು ಪಾಲಾಗಿ ಎಣಿಸಿ ಒಂದನ್ನು ಗಟ್ಟಿ ಆಹಾರಕ್ಕೆ, ಒಂದನ್ನು ದ್ರವಕ್ಕೆ, ಒಂದನ್ನು ದೋಷಗಳ ಸಂಚಾರಕ್ಕೆ ಬಿಡಬೇಕೆಂದು ಆಚಾರ್ಯರು ಹೇಳುತ್ತಾರೆ. ಅದಕ್ಕಿಂತ ಮುಖ್ಯವಾದುದು ಮುಂದಿನ ಮಾತು. ಪ್ರಮಾಣ ಸರಿಯಾಗಿದೆಯೆಂದು ತಿಳಿಯುವ ಗುರುತುಗಳನ್ನು ಅವರು ಒಂದೊಂದಾಗಿ ಕೊಡುತ್ತಾರೆ: ಹೊಟ್ಟೆಗೆ ಒತ್ತಡವಿಲ್ಲ, ಎದೆಗೆ ತಡೆಯಿಲ್ಲ, ಪಕ್ಕೆಗಳು ಬಿರಿಯುವುದಿಲ್ಲ, ಹಸಿವು ಬಾಯಾರಿಕೆ ಅಡಗಿವೆ, ನಿಲ್ಲಲು, ಕೂರಲು, ಮಲಗಲು, ಉಸಿರಾಡಲು, ನಗಲು, ಮಾತನಾಡಲು ಸುಖವಾಗಿದೆ. ಅಲ್ಲಿ ಸೇರು ಪಾವಿನ ಲೆಕ್ಕವಿಲ್ಲ. ಉಂಡವನ ಅನುಭವವೇ ಅಳತೆಗೋಲು. ಪಟ್ಟಿಯ ವಿಷಯದಲ್ಲೂ ಮಿಲಿಲೀಟರಿನ ಅಂಕಿ ವೈದ್ಯರ ಪುಸ್ತಕದಲ್ಲಿರಲಿ, ನಮಗೆ ಬೇಕಾದುದು ಈ ಗುರುತುಗಳು.

ಇವುಗಳನ್ನು ಓದುವುದರಲ್ಲಿ ಒಂದು ಮೋಸ ಅಡಗಿದೆ. ಶೆಟ್ಟಿಹಳ್ಳಿಯ ನಮ್ಮ ಚಿಕಿತ್ಸಾಲಯಕ್ಕೆ ಗೃಹಿಣಿಯೊಬ್ಬರು ಬಂದಿದ್ದರು. ಪಟ್ಟಿ ಹಾಕಿಸಿಕೊಂಡು ಹಲವು ವರ್ಷಗಳಾಗಿದ್ದವು. “ಡಾಕ್ಟ್ರೇ, ಎರಡು ತುತ್ತಿಗಿಂತ ಹೆಚ್ಚು ಇಳಿಯೋಲ್ಲ, ಆದ್ರೂ ತೂಕ ಏರ್ತಿದೆ. ಇನ್ನೂ ಸ್ವಲ್ಪ ಬಿಗಿ ಮಾಡಿಸ್ಕೊಳ್ಳೋಣ ಅಂತಿದೀನಿ” ಎಂದರು. “ಅವಸರ ಬೇಡಮ್ಮಾ, ಮೂರು ದಿನ ಬಾಯಿಗೆ ಹೋದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತನ್ನಿ” ಎಂದು ಹೇಳಿ ಕಳುಹಿಸಿದೆವು. ಹಾಳೆ ಬಂದಿತು. ಬೆಳಿಗ್ಗೆ ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಹತ್ತು ಗಂಟೆಗೆ ಸಕ್ಕರೆ ಹಾಕಿದ ಮಾಲ್ಟು, ಮಧ್ಯಾಹ್ನ ಎರಡು ತುತ್ತು ಅನ್ನ ಬಿಟ್ಟು ಎದ್ದು ಒಂದು ಲೋಟ ಪಾಯಸ, ಸಂಜೆ ಐಸ್‌ಕ್ರೀಮು. ಚಪಾತಿಯಿಲ್ಲ, ಸೊಪ್ಪಿಲ್ಲ, ಕಾಳಿಲ್ಲ. ಅವು ಇಳಿಯುತ್ತಿರಲಿಲ್ಲವಾದ್ದರಿಂದ ಅವರು ಬಿಟ್ಟೇಬಿಟ್ಟಿದ್ದರು. ರಾತ್ರಿ ಎರಡು ದಿಂಬು ಇಟ್ಟುಕೊಂಡರೂ ಕೆಮ್ಮು ಬರುತ್ತದೆಂಬುದು ಕೇಳಿದ ಮೇಲೆ ಹೊರಬಿತ್ತು. ತೂಕ ಏರುತ್ತಿತ್ತು, ನಿಜ. ಆದರೆ ಪಟ್ಟಿ ಸಡಿಲವಾಗಿರಲಿಲ್ಲ, ಅತಿಯಾಗಿ ಬಿಗಿಯಾಗಿತ್ತು. ಗಟ್ಟಿ ಆಹಾರಕ್ಕೆ ದಾರಿಯಿಲ್ಲದಾಗ ದೇಹ ಸುಲಭವಾಗಿ ಜಾರುವ ಸಿಹಿಯನ್ನು ಹುಡುಕುತ್ತದೆ. ಪಾಯಸಕ್ಕೆ ಯಾವ ಪಟ್ಟಿಯೂ ಅಡ್ಡಬರುವುದಿಲ್ಲ. ನಾವು ಈ ವಿವರವನ್ನೆಲ್ಲ ಬರೆದು ಅವರ ಶಸ್ತ್ರವೈದ್ಯರಿಗೆ ಪತ್ರ ಕೊಟ್ಟೆವು. ಅವರು ಪರೀಕ್ಷಿಸಿ ನೀರು ಸೇರಿಸುವ ಬದಲು ಸ್ವಲ್ಪ ಹೊರತೆಗೆದರು. ಕೆಲವು ವಾರಗಳಲ್ಲಿ ಆ ತಾಯಿ ಒಂದು ಚಪಾತಿ, ಒಂದು ಬಟ್ಟಲು ಪಲ್ಯ ಉಣ್ಣುವಂತಾದರು. ಕೆಮ್ಮು ನಿಂತಿತು. ತೂಕ ಇಳಿಯತೊಡಗಿದ್ದು ಆ ಬಳಿಕವೇ.

ಇನ್ನು ನಮ್ಮ ಸೀಮೆಯ ಊಟದ ವಿಚಾರ. ಮುದ್ದೆಯನ್ನು ಅಗಿಯುವವನನ್ನು ಕಂಡು ನಗುವ ನಾಡು ನಮ್ಮದು. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುವುದೇ ರೂಢಿ. ಪಟ್ಟಿಯಿರುವವರಿಗೆ ಈ ನುಂಗುವ ರೂಢಿಯೇ ಶತ್ರು. ಅಗಿಯದ ತುತ್ತು ಪಟ್ಟಿಯ ಮೇಲೆ ಬಿರಡೆಯಂತೆ ಕೂರುತ್ತದೆ. ಎದೆಯಲ್ಲಿ ನೋವು, ಬಾಯಲ್ಲಿ ನೀರೂರುವಿಕೆ, ಕೊನೆಗೆ ಅದು ಮೇಲಕ್ಕೇ ಬರಬೇಕು. ಹೀಗಾದಾಗ ‘ಪಟ್ಟಿ ಬಿಗಿಯಾಯಿತು’ ಎಂದು ವೈದ್ಯರಲ್ಲಿಗೆ ಓಡುವವರಿದ್ದಾರೆ. ತಪ್ಪು ಪಟ್ಟಿಯದಲ್ಲ, ತುತ್ತಿನದು. ಬಿಗಿಯನ್ನು ಬದಲಿಸುವ ಮೊದಲು ಉಣ್ಣುವ ಕ್ರಮವನ್ನು ನೋಡಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕೇ. ತುತ್ತು ಹೆಬ್ಬೆರಳಿನ ಉಗುರಿನಷ್ಟಿರಲಿ. ಇಪ್ಪತ್ತು ಸಲ ಅಗಿಯಿರಿ. ನುಂಗಿದ ಮೇಲೆ ಅರ್ಧ ನಿಮಿಷ, ಒಂದು ನಿಮಿಷ ಕೈ ಕಟ್ಟಿ ಕೂರಿ. ಅರ್ಧ ಗಂಟೆಗೆ ಊಟ ಮುಗಿಯಲಿ, ತಟ್ಟೆಯಲ್ಲಿ ಉಳಿದಿದ್ದರೂ ಏಳಿ. ಊಟದ ನಡುವೆ ನೀರು ಕುಡಿಯಬೇಡಿ. ಮುದ್ದೆ ಬಿಡಲಾರದವರು ಅಗಿದು ತಿನ್ನುವುದನ್ನು ಹೊಸದಾಗಿ ಕಲಿಯಬೇಕು, ಇಲ್ಲವೇ ತೆಳುವಾದ ರಾಗಿರೊಟ್ಟಿಗೆ ಹೊರಳಬೇಕು. ರಾಗಿ ಅಂಬಲಿ ಒಳ್ಳೆಯದಾದರೂ ಅದು ನೇರವಾಗಿ ಇಳಿದುಹೋಗಿ ಹಸಿವು ಬೇಗ ಮರಳುತ್ತದೆ. ಅದನ್ನೇ ಊಟವೆಂದು ಎಣಿಸಬಾರದು. ಮೆತ್ತಗಿನ ಅನ್ನ, ಬ್ರೆಡ್ಡು, ಕ್ಯಾತ್ಸಂದ್ರದ ತಟ್ಟೆಇಡ್ಲಿ ಇವು ಅವಸರದಲ್ಲಿ ತಿಂದರೆ ಉಂಡೆಗಟ್ಟಿ ನಿಲ್ಲುತ್ತವೆ. ಕೊಬ್ಬರಿಯ ಚೂರು, ಹಲಸಿನ ತೊಳೆಯ ನಾರು ಸಹ ಹಾಗೆಯೇ. ಚೇಳೂರಿನ ಸಿದ್ದು ಹಲಸಿನ ಋತುವಿನಲ್ಲಿ ಈ ಮಾತು ರುಚಿಸಲಾರದೆಂದು ನಮಗೂ ಗೊತ್ತು.

ಮಠದ ಭಕ್ತರಿಗೆ ಇನ್ನೊಂದು ಸಂಕಟವುಂಟು. ಪ್ರಸಾದವನ್ನು ಎಲೆಯಲ್ಲಿ ಬಿಡಬಾರದೆಂಬ ನಿಯಮದಿಂದ, ಹೊಟ್ಟೆ ‘ಸಾಕು’ ಎಂದರೂ ನುಂಗಿ ನೋವನ್ನು ಅನುಭವಿಸಿದವರನ್ನು ನಾವು ಕಂಡಿದ್ದೇವೆ. ಬಡಿಸುವಾಗಲೇ ಕೈ ಅಡ್ಡ ಹಿಡಿದು ಒಂದು ಸೌಟು ಅನ್ನ, ಒಂದಿಷ್ಟು ಪಲ್ಯವನ್ನಷ್ಟೇ ಕೇಳಿ ಪಡೆಯುವುದರಿಂದ ನಿಯಮಕ್ಕೆ ಭಂಗವಿಲ್ಲ. ಪಂಕ್ತಿ ಏಳುವ ಹೊತ್ತಿಗೆ ಮುಗಿಯದೆಂದು ಅವಸರಪಡುವವರು ಬಡಿಸುವ ಶರಣರಿಗೆ ಮೊದಲೇ ತಿಳಿಸಿ ಕೊನೆಯಲ್ಲಿ ಕುಳಿತುಕೊಳ್ಳಬಹುದು. ಮನೆಗಳಲ್ಲಿ ನಡೆಯುವ ಕಾರ್ಯಗಳಲ್ಲಿ ಬಲವಂತದ ಉಪಚಾರ ಇದಕ್ಕಿಂತ ಹೆಚ್ಚು; ಅಲ್ಲಿ ಬಂಧುಗಳೇ ಅರಿತು ನಡೆಯಬೇಕು.

ನೀರು ತುಂಬುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಶಸ್ತ್ರಚಿಕಿತ್ಸೆಯಾದ ಸುಮಾರು ನಾಲ್ಕರಿಂದ ಆರು ವಾರಗಳಿಗೆ ಮೊದಲ ಸಲ ತುಂಬುತ್ತಾರೆ. ಆಮೇಲೆ ಸ್ವಲ್ಪ ಸ್ವಲ್ಪವೇ ಸೇರಿಸುತ್ತ, ಹಸಿರಿನ ಸಮೀಪ ಬಂದಂತೆ ಇನ್ನೂ ಕಡಿಮೆ ಪ್ರಮಾಣದಲ್ಲಿ ಸರಿಪಡಿಸುತ್ತಾರೆ. ತುಂಬಿಸಿಕೊಂಡ ಕೂಡಲೇ ನೀರು ಕುಡಿದು, ಸರಾಗವಾಗಿ ಇಳಿಯಿತೆಂದು ಖಚಿತವಾದ ಮೇಲೆಯೇ ಆಸ್ಪತ್ರೆಯಿಂದ ಹೊರಡಬೇಕು. ಒಂದೆರಡು ದಿನ ದ್ರವಾಹಾರ, ಬಳಿಕ ಮೆದು ಆಹಾರ. ಬಿಗಿಯ ಪೂರ್ಣ ಪರಿಣಾಮ ಅಂದೇ ತಿಳಿಯುವುದಿಲ್ಲವಾದ್ದರಿಂದ ಮದುವೆಯ ಹಿಂದಿನ ವಾರ, ದೂರಪ್ರಯಾಣದ ಹಿಂದಿನ ದಿನ ತುಂಬಿಸಿಕೊಳ್ಳುವುದು ವಿವೇಕವಲ್ಲ. ಬೆಳಗಿನ ಹೊತ್ತು ಪಟ್ಟಿ ತುಸು ಬಿಗಿಯೆನಿಸುವುದು ಹಲವರ ಅನುಭವ. ಬಿಸಿನೀರು ಕುಡಿದು ಸ್ವಲ್ಪ ತಡೆದು ತಿಂದರೆ ಸಾಕು. ತೂಕ ಇಳಿದಂತೆ ಪಟ್ಟಿಯ ಒಳಗಿನ ಕೊಬ್ಬೂ ಕರಗುವುದರಿಂದ ಹಿಂದೆ ಸರಿಯಾಗಿದ್ದುದು ಸಡಿಲವಾಗುವುದು ಸಹಜ. ಗರ್ಭಿಣಿಗೆ ವಾಂತಿ ಹೆಚ್ಚಿದ್ದರೆ ನೀರನ್ನು ತೆಗೆಸಿ ಸಡಿಲಿಸಬೇಕಾಗುತ್ತದೆ.

ಕೆಲವು ಲಕ್ಷಣಗಳಿಗೆ ಕಾಯುವಂತಿಲ್ಲ. ನೀರು, ಉಗುಳು ಸಹ ಇಳಿಯದಿರುವುದು, ನಿಲ್ಲದ ವಾಂತಿ, ಹೊಟ್ಟೆಯಲ್ಲಿ ತೀವ್ರವಾದ ನೋವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜಠರ ಪಟ್ಟಿಯೊಳಗಿಂದ ಮೇಲಕ್ಕೆ ಜಾರಿರಬಹುದು. ವಾಂತಿ ವಾರಗಟ್ಟಲೆ ಮುಂದುವರಿದರೆ ಬಿ1 ಜೀವಸತ್ವ ಬರಿದಾಗಿ ನರಗಳಿಗೆ ಹಾನಿಯಾಗುತ್ತದೆ. ಪೋರ್ಟಿನ ಮೇಲಿನ ಚರ್ಮ ಕೆಂಪಾಗಿ ನೋಯುತ್ತಿದ್ದು, ಜೊತೆಗೆ ಪಟ್ಟಿಯೇ ಇಲ್ಲವೇನೋ ಎಂಬಂತೆ ಊಟ ಸಾಗುತ್ತಿದ್ದರೆ, ಪಟ್ಟಿ ಜಠರದ ಗೋಡೆಯನ್ನು ಕೊರೆದಿರುವ ಶಂಕೆಯುಂಟು. ಆಗಲೂ ತಡಮಾಡಬಾರದು.

ಆಯುರ್ವೇದ ವೈದ್ಯರಲ್ಲಿಗೆ ಹೋಗುವವರು ಪಟ್ಟಿಯಿರುವ ಸಂಗತಿಯನ್ನು ಮೊದಲು ಹೇಳಬೇಕು. ಪಂಚಕರ್ಮದಲ್ಲಿ ವಮನವನ್ನು ಇಂಥವರಿಗೆ ಮಾಡಲೇಬಾರದು. ವಾಂತಿಯ ರಭಸಕ್ಕೆ ಪಟ್ಟಿಯ ಸ್ಥಾನ ಕೆಡುವ ಅಪಾಯವಿದೆ. ಅಭ್ಯಂಗ, ಉದ್ವರ್ತನ ಮಾಡುವಾಗ ಪೋರ್ಟಿನ ಭಾಗವನ್ನು ಒತ್ತಬಾರದು. ದೊಡ್ಡ ಗುಳಿಗೆಗಳು, ಒಣ ಚೂರ್ಣ ಸಿಕ್ಕಿಕೊಳ್ಳುತ್ತವೆ. ಮಲಬದ್ಧತೆಗೆ ಇಸಬ್‌ಗೋಲನ್ನು ತಾವಾಗಿಯೇ ತೆಗೆದುಕೊಳ್ಳುವವರು ಬಹಳ. ನೀರಿನಲ್ಲಿ ಉಬ್ಬುವ ಆ ಹೊಟ್ಟು ಪಟ್ಟಿಯ ಮೇಲೆ ನಿಂತರೆ ತೊಂದರೆ. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ಕೇಳಿ ತರುವ ಅಭ್ಯಾಸವೂ ಜಠರದ ಗೋಡೆಗೆ ಕೆಡುಕು. ‘ಬೊಜ್ಜು ಕರಗಿಸುವ ಪುಡಿ’ ಎಂಬ ಜಾಹೀರಾತುಗಳ ವಿಷಯದಲ್ಲಿ ನಾವು ಹೇಳುವುದು ಇಷ್ಟೇ: ಪಟ್ಟಿಯಿರಲಿ, ಇಲ್ಲದಿರಲಿ, ಕೊಳ್ಳಬೇಡಿ.

ಪಟ್ಟಿಯ ಮಾದರಿ, ಹಾಕಿದ ದಿನಾಂಕ, ಈಗ ಅದರಲ್ಲಿರುವ ನೀರಿನ ಪ್ರಮಾಣ, ವೈದ್ಯರ ದೂರವಾಣಿ ಸಂಖ್ಯೆ ಇಷ್ಟನ್ನು ಬರೆದ ಚೀಟಿಯೊಂದು ಸದಾ ಜೇಬಿನಲ್ಲಿರಲಿ. ಹೊರದೇಶದಿಂದ ಊರಿಗೆ ಬರುವ ಮಕ್ಕಳಿಗೂ ಇದನ್ನು ತಿಳಿಸಿ. ಪೋರ್ಟಿಗೆ ಚುಚ್ಚಲು ಬೇರೆಯೇ ಬಗೆಯ ಸೂಜಿ ಬೇಕು. ಸಾಮಾನ್ಯ ಇಂಜೆಕ್ಷನ್ ಸೂಜಿ ಬಳಸಿದರೆ ಪೋರ್ಟಿನ ಪೊರೆ ಕೆಟ್ಟು ನೀರು ಸೋರುತ್ತದೆ. ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿಲೋಮೀಟರು. ಪಟ್ಟಿಯ ಕೆಲಸ ಬಲ್ಲ ಶಸ್ತ್ರವೈದ್ಯರು ಅಲ್ಲಿ ಯಾವ ಆಸ್ಪತ್ರೆಯಲ್ಲಿ ಸಿಗುತ್ತಾರೆ, ರಾತ್ರಿ ಹೊತ್ತು ಯಾರಿಗೆ ಕರೆ ಮಾಡಬೇಕು ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿ ಅದೇ ಚೀಟಿಯ ಹಿಂಬದಿಯಲ್ಲಿ ಬರೆದಿಡಿ.