ಗುಟ್ಟು ಕಾಯುವ ಸಾಮಾಜಿಕ ಜಾಲ

ಮನುಷ್ಯರು ಪರಸ್ಪರ ಪರಿಚಯದಿಂದ ಹೆಣೆದುಕೊಳ್ಳುವ ಬಲೆಯೇ ಸಾಮಾಜಿಕ ಜಾಲ. ಮೈಸೂರು ಜಿಲ್ಲೆಯ ಕೃಷ್ಣರಾಜನಗರ ಸೀಮೆಯ ಮಿರ್ಲೆಯಲ್ಲಿ ಹತ್ತು ಮಂದಿ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಬಲ್ಲರೆಂದು ಭಾವಿಸೋಣ. ಹತ್ತು ಚುಕ್ಕೆಗಳನ್ನಿಟ್ಟು, ಎರಡೆರಡು ಚುಕ್ಕೆಗಳನ್ನು ಗೆರೆಯಿಂದ ಕೂಡಿಸಿದರೆ 45 ಗೆರೆಗಳಾಗುತ್ತವೆ. ನೂರು ಮಂದಿಯಾದರೆ ಗೆರೆಗಳು 4,950. ಜನ ಹತ್ತರಷ್ಟಾದಾಗ ಸಂಬಂಧಗಳು ನೂರರಷ್ಟಕ್ಕಿಂತಲೂ ಹೆಚ್ಚಾದುವು. ಗಣಕಯಂತ್ರಗಳ ಮೂಲಕ ನಡೆಯುವ ಇಂದಿನ ಜಾಲಗಳ ಸಂಪತ್ತೆಲ್ಲ ಈ ಗೆರೆಗಳಲ್ಲಿಯೇ ಅಡಗಿದೆ. ಅಪಾಯವೂ ಅಲ್ಲಿಯೇ ಇದೆ. ಬಳಸಲು ಸುಲಭವಾಗಿಯೂ ಇದ್ದು, ಬಳಸುವವರ ಗುಟ್ಟನ್ನೂ ಕಾಯುವಂತಹ ಜಾಲವನ್ನು ಕಟ್ಟಬಹುದೇ ಎಂಬುದನ್ನು ಇಲ್ಲಿ ವಿಚಾರಿಸುವೆವು.

ಸ್ನೇಹಿತನ ಬಾಗಿಲಿನಿಂದ ಸೋರಿಕೆ

2018ರಲ್ಲಿ ಬೆಳಕಿಗೆ ಬಂದ ಕೇಂಬ್ರಿಜ್ ಅನಲಿಟಿಕಾ ಪ್ರಕರಣವು ಈ ಅಪಾಯಕ್ಕೆ ಒಳ್ಳೆಯ ನಿದರ್ಶನ. ಫೇಸ್‌ಬುಕ್ಕಿನಲ್ಲಿ ಸ್ವಭಾವಪರೀಕ್ಷೆಯ ಒಂದು ಪ್ರಶ್ನಾವಳಿಯಿತ್ತು. ಭಾರತದಲ್ಲಿ ಅದನ್ನು ಸ್ವೀಕರಿಸಿದವರು ಕೇವಲ 335 ಮಂದಿ. ಆದರೆ ಮಾಹಿತಿ ಹೊರಗೆ ಹೋಗಿರಬಹುದಾದ ಭಾರತೀಯರ ಸಂಖ್ಯೆ 5,62,455 ಎಂದು ಆ ಸಂಸ್ಥೆಯೇ ತಿಳಿಸಿತು. ಎಂದರೆ, ಒಪ್ಪಿಗೆ ಕೊಟ್ಟ ಒಬ್ಬೊಬ್ಬನ ಹಿಂದೆಯೂ ಒಪ್ಪಿಗೆಯನ್ನೇ ಕೊಡದ ಸುಮಾರು 1,680 ಮಂದಿ ಇದ್ದರು. ಆಗಿನ ವ್ಯವಸ್ಥೆಯಲ್ಲಿ ಒಬ್ಬನು ಬಾಗಿಲು ತೆರೆದರೆ ಅವನ ಸ್ನೇಹಿತರ ಮನೆಗಳೂ ತೆರೆದುಕೊಳ್ಳುತ್ತಿದ್ದುವು. ಆದುದರಿಂದ ಗೌಪ್ಯವೆಂಬುದು ಒಬ್ಬೊಬ್ಬರ ಎಚ್ಚರಿಕೆಯಿಂದಷ್ಟೇ ಉಳಿಯುವ ವಸ್ತುವಲ್ಲ. ಜಾಲದ ಕಟ್ಟೋಣದಲ್ಲಿಯೇ ಅದಕ್ಕೆ ಸ್ಥಾನವಿರಬೇಕು.

ಎಲ್ಲರೆದುರಿಗೆ ಹುಟ್ಟುವ ಗುಟ್ಟು

ಮೊದಲನೆಯ ಸಾಧನ ಗೂಢಲಿಪಿ. ಮಿರ್ಲೆಯಲ್ಲಿರುವ ತಂಗಿಯೂ ಮೈಸೂರಿನ ಕಾಲೇಜಿನಲ್ಲಿರುವ ಅಣ್ಣನೂ ಗುಟ್ಟಾಗಿ ಬರೆದುಕೊಳ್ಳಬೇಕಾಗಿದೆ. ಇಬ್ಬರಿಗೂ ಒಂದೇ ಬೀಗದ ಕೈ ಬೇಕು. ಆದರೆ ಅದನ್ನು ಕಳುಹಿಸಿಕೊಟ್ಟರೆ ದಾರಿಯಲ್ಲಿ ಕದಿಯಬಹುದಲ್ಲವೆ? ಈ ತೊಡಕನ್ನು ಬಿಡಿಸುವ ಉಪಾಯವೊಂದನ್ನು 1976ರಲ್ಲಿ ಡಿಫೀ ಮತ್ತು ಹೆಲ್‌ಮನ್ ಎಂಬ ಅಮೆರಿಕದ ವಿದ್ವಾಂಸರು ಪ್ರಕಟಿಸಿದರು.

ಇಬ್ಬರೂ 23 ಮತ್ತು 5 ಎಂಬ ಸಂಖ್ಯೆಗಳನ್ನು ಬಹಿರಂಗವಾಗಿಯೇ ಒಪ್ಪಿಕೊಳ್ಳಲಿ. ತಂಗಿಯು 3 ಎಂಬ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಾಳೆ. 5ರ ಮೂರನೆಯ ಘಾತ 125; ಅದನ್ನು 23ರಿಂದ ಭಾಗಿಸಿದರೆ ಶೇಷ 10. ಈ 10ನ್ನು ಅಣ್ಣನಿಗೆ ಕಳುಹಿಸುತ್ತಾಳೆ. ಅಣ್ಣನ ಗುಟ್ಟಿನ ಸಂಖ್ಯೆ 4. 5ರ ನಾಲ್ಕನೆಯ ಘಾತ 625, ಶೇಷ 4. ಅದನ್ನು ಅವನು ತಂಗಿಗೆ ಕಳುಹಿಸುತ್ತಾನೆ. ಈಗ ತಂಗಿಯು ತನಗೆ ಬಂದ 4ನ್ನು ಮೂರನೆಯ ಘಾತಕ್ಕೇರಿಸಿದರೆ 64, ಶೇಷ 18. ಅಣ್ಣನು ತನಗೆ ಬಂದ 10ನ್ನು ನಾಲ್ಕನೆಯ ಘಾತಕ್ಕೇರಿಸಿದರೆ 10,000. ಶೇಷ ಮತ್ತೆ 18! ಈ 18 ಎಂಬುದು ದಾರಿಯಲ್ಲಿ ಎಲ್ಲಿಯೂ ಸಂಚರಿಸಲೇ ಇಲ್ಲ. ಸಣ್ಣ ಸಂಖ್ಯೆಗಳಾದರೆ ಕಳ್ಳನು ಒಂದೊಂದಾಗಿ ಪರೀಕ್ಷಿಸಿ ಕಂಡುಹಿಡಿದಾನು. ನೂರಾರು ಅಂಕೆಗಳ ಸಂಖ್ಯೆಗಳಾದರೆ ಇಂದಿನ ಯಂತ್ರಗಳಿಗೆ ಅದು ಅಸಾಧ್ಯ. ನಡುವಿನವನು ಸಂಖ್ಯೆಗಳನ್ನೇ ಬದಲಾಯಿಸಿ ಮೋಸ ಮಾಡಬಹುದಾದ ಕಾರಣ, ಇಬ್ಬರೂ ತಮ್ಮಲ್ಲಿರುವ ಕೈ ಒಂದೇ ಎಂಬುದನ್ನು ಬೇರೆ ದಾರಿಯಿಂದ ತಾಳೆನೋಡುವುದು ಒಳ್ಳೆಯದು.

ಲಕೋಟೆಯ ಹೊರಮೈ

ಕಾಗದವನ್ನು ಲಕೋಟೆಯಲ್ಲಿಟ್ಟು ಅಂಟಿಸಿದರೂ ವಿಳಾಸವೂ ಅಂಚೆಯ ಮುದ್ರೆಯೂ ಹೊರಗೆ ಕಾಣುತ್ತವೆಯಷ್ಟೆ. ಹಾಗೆಯೇ ಯಾರು, ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಸಲ ಬರೆದರೆಂಬುದು ಗೂಢಲಿಪಿಯಿಂದ ತಾನಾಗಿಯೇ ಮರೆಯಾಗುವುದಿಲ್ಲ. ಒಬ್ಬ ರೈತನು ಒಂದೇ ವಾರದಲ್ಲಿ ಸಾಲಕೊಡುವ ನಾಲ್ವರಿಗೆ ಬರೆದನೆಂದರೆ, ಬರೆದುದೇನೆಂದು ಓದದೆಯೇ ಅವನ ಕಷ್ಟವನ್ನು ಊಹಿಸಬಹುದು. ಆದುದರಿಂದ ಒಳ್ಳೆಯ ಜಾಲವು ಇಂತಹ ದಾಖಲೆಗಳನ್ನು ಆದಷ್ಟು ಕಡಮೆ ಸಂಗ್ರಹಿಸಿ, ಕೆಲಸ ಮುಗಿದೊಡನೆ ಅಳಿಸಬೇಕು. ಇಲ್ಲದ ಮಾಹಿತಿಯನ್ನು ಯಾರೂ ಕದಿಯಲಾರರು.

ಈ ದಾಖಲೆಗಳೆಲ್ಲ ಒಂದೆಡೆ ಸೇರದಂತೆ ಮಾಡುವ ಇನ್ನೊಂದು ಉಪಾಯ ವಿಕೇಂದ್ರೀಕರಣ. 2016ರಲ್ಲಿ ಆರಂಭವಾದ ಮಾಸ್ಟೊಡಾನ್ ಎಂಬ ಜಾಲಕ್ಕೆ ಒಬ್ಬನೇ ಒಡೆಯನಿಲ್ಲ. ಶಾಲೆಯಾಗಲಿ, ಸಂಘವಾಗಲಿ ತನ್ನದೇ ಸರ್ವರನ್ನು ನಡೆಸಬಹುದು. ಬೇರೆ ಬೇರೆ ಅಂಚೆ ಕಚೇರಿಗಳು ಪರಸ್ಪರ ಕಾಗದ ಸಾಗಿಸುವಂತೆ ಈ ಸರ್ವರುಗಳು ಸಾಮಾನ್ಯ ನಿಯಮವೊಂದರ ಮೇರೆಗೆ ವ್ಯವಹರಿಸುತ್ತವೆ. ಆ ನಿಯಮವೇ 2018ರ ಜನವರಿಯಲ್ಲಿ ಅಂಗೀಕೃತವಾದ ಆಕ್ಟಿವಿಟಿಪಬ್. ಆದರೆ ವಿಕೇಂದ್ರೀಕರಣವೇ ಗೌಪ್ಯವೆಂದು ಭ್ರಮಿಸಬಾರದು. ಮಾಸ್ಟೊಡಾನಿನ ಖಾಸಗಿ ಕಾಗದಗಳಿಗೂ ಮೇಲೆ ಹೇಳಿದಂತಹ ಬೀಗವಿಲ್ಲ. ಸರ್ವರಿನ ಮೇಲ್ವಿಚಾರಕನು ಅವುಗಳನ್ನು ನೋಡಬಲ್ಲನು.

ಸುಲಭವೆಂಬ ಕಠಿಣ ಸಮಸ್ಯೆ

ಭದ್ರತೆಯಿದ್ದರೆ ಸಾಲದು, ಸಾಮಾನ್ಯರು ಬಳಸಬಲ್ಲಂತಿರಬೇಕು. 1999ರಲ್ಲಿ ವಿಟನ್ ಮತ್ತು ಟೈಗರ್ ಎಂಬ ಸಂಶೋಧಕರು ಗೂಢಲಿಪಿಯ ಒಂದು ಪ್ರಸಿದ್ಧ ಸಾಧನವನ್ನು 12 ಮಂದಿಯ ಕೈಗೆ ಕೊಟ್ಟು, ತೊಂಬತ್ತು ನಿಮಿಷಗಳ ಅವಕಾಶವನ್ನಿತ್ತರು. ಸರಿಯಾಗಿ ಬೀಗ ಹಾಕಿ ಸಹಿಮಾಡಿ ಕಳುಹಿಸಬಲ್ಲವರಾದವರು ಮೂರರಲ್ಲೊಂದು ಪಾಲು ಮಾತ್ರ. ಬಳಸಲಾರದ ಬೀಗವು ಇಲ್ಲದ ಬೀಗಕ್ಕೆ ಸಮಾನ.

ಸುಲಭಮಾಡಹೊರಟಾಗ ಬೇರೊಂದು ತೊಡಕು ಬರುತ್ತದೆ. ಪರಿಚಿತರನ್ನು ತಾನೇ ಹುಡುಕಿಕೊಡಲೆಂದು ಜಾಲವು ನಮ್ಮ ಫೋನಿನಲ್ಲಿರುವ ಸಂಖ್ಯೆಗಳನ್ನೆಲ್ಲ ಕೇಳುತ್ತದೆ. 'ಸಂಖ್ಯೆಗಳನ್ನು ಗುರುತು ಸಿಗದಂತೆ ಮಾರ್ಪಡಿಸಿ ಇಡುತ್ತೇವೆ' ಎಂಬ ಭರವಸೆಯೊಂದೇ ಸಾಲದು. ನಮ್ಮ ಮೊಬೈಲ್ ಸಂಖ್ಯೆಗಳಿಗೆ ಹತ್ತು ಅಂಕೆಗಳು. ಮೊದಲನೆಯದು 6, 7, 8 ಅಥವಾ 9. ಎಂದರೆ ಸಾಧ್ಯವಿರುವ ಸಂಖ್ಯೆಗಳೆಲ್ಲ ಕೂಡಿ 400 ಕೋಟಿ ಮಾತ್ರ. ಅಷ್ಟನ್ನೂ ಒಂದೊಂದಾಗಿ ಮಾರ್ಪಡಿಸಿ ತಾಳೆನೋಡುವುದು ಗಣಕಯಂತ್ರಕ್ಕೆ ಅಲ್ಪಕಾಲದ ಕೆಲಸ. ಫೋನ್ ಸಂಖ್ಯೆಯ ಬದಲು ಸ್ವತಃ ಆರಿಸಿಕೊಂಡ ಹೆಸರಿನಿಂದ ಸೇರಲು ಬಿಡುವುದು ಸ್ವಲ್ಪ ಅನನುಕೂಲವಾದರೂ ಹೆಚ್ಚು ಕ್ಷೇಮ.

ಹಣ ಮತ್ತು ಕಾನೂನು

ಸುಲಭತೆಯಲ್ಲಿ ಭಾಷೆಯೂ ಸೇರಿದೆ. ಬೆಂಗಳೂರಿನಲ್ಲಿ 2020ರಲ್ಲಿ ಹುಟ್ಟಿದ 'ಕೂ' ಎಂಬ ಜಾಲವು ಕನ್ನಡಕ್ಕೆ ಮೊದಲಿನಿಂದಲೇ ಸ್ಥಾನವಿತ್ತಿತು. ಇಂಗ್ಲಿಷ್ ಬಾರದವರೂ ತಮ್ಮ ನುಡಿಯಲ್ಲಿಯೇ ಲೋಕದೊಡನೆ ಮಾತನಾಡಬಹುದೆಂಬುದನ್ನು ಅದು ತೋರಿಸಿಕೊಟ್ಟಿತು. ಆದರೆ ಪಾಲುದಾರರೊಡನೆ ನಡೆದ ಮಾತುಕತೆಗಳು ಫಲಿಸದೆ, ವೆಚ್ಚವನ್ನು ಹೊರಲಾರದೆ, 2024ರ ಜುಲೈಯಲ್ಲಿ ಮುಚ್ಚಿಹೋಯಿತು. ಯಂತ್ರಗಳಿಗೂ ಅವುಗಳನ್ನು ನೋಡಿಕೊಳ್ಳುವವರಿಗೂ ಹಣ ಬೇಕು. ಬಳಸುವವರು ಕೊಡದಿದ್ದರೆ ಜಾಹೀರಾತುದಾರರು ಕೊಡುತ್ತಾರೆ. ಜಾಹೀರಾತುದಾರರಿಗೆ ಬೇಕಾದುದು ಬಳಸುವವರ ಅಭಿರುಚಿಗಳ ವಿವರ. ಗುಟ್ಟು ಕಾಯುವ ಜಾಲವು ಸಹಕಾರ ಸಂಘದಂತೆ ಸದಸ್ಯರ ಚಂದಾದಿಂದಲೋ ದಾನದಿಂದಲೋ ನಡೆಯಬೇಕಾದುದು ಈ ಕಾರಣದಿಂದಲೇ.

ಕಾನೂನಿನ ಬೆಂಬಲವೂ ಈಗ ಒದಗಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಸಂಸತ್ತು ಕಾಯಿದೆಯೊಂದನ್ನು ಅಂಗೀಕರಿಸಿತು. ಹದಿನೆಂಟು ತುಂಬದವರ ನಡವಳಿಕೆಯನ್ನು ಬೆನ್ನಟ್ಟಿ ಗಮನಿಸುವುದನ್ನೂ, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ಅದು ಸಾಮಾನ್ಯವಾಗಿ ನಿಷೇಧಿಸುತ್ತದೆ.

ಹೀಗೆ ಗಣಿತ ಸಿದ್ಧವಾಗಿದೆ, ನಿಯಮ ಸಿದ್ಧವಾಗಿದೆ, ಕಾನೂನೂ ಇದೆ. ಉಳಿದಿರುವುದು ಇವನ್ನೆಲ್ಲ ಕೂಡಿಸಿ, ಓದುಬರಹ ಕಡಮೆಯಿರುವ ಅಜ್ಜಿಯೂ ಅಂಜದೆ ಬಳಸುವಂತೆ ಮಾಡುವ ಕೆಲಸ. ಇದಕ್ಕೆ ದೊಡ್ಡ ನಗರವೇ ಬೇಕೆಂದಿಲ್ಲ. ಕಾಲೇಜೊಂದರ ಗಣಕಯಂತ್ರದಲ್ಲಿ ನೂರು ಮಂದಿಗಾಗಿ ಇಂತಹ ಜಾಲವೊಂದನ್ನು ಸ್ಥಾಪಿಸಿ, ಎಲ್ಲಿ ಜನ ತೊಡಕುತ್ತಾರೆಂಬುದನ್ನು ಬರೆದಿಟ್ಟು ತಿದ್ದುತ್ತ ಹೋಗುವುದೇ ಒಳ್ಳೆಯ ಆರಂಭ. ಆದರೆ ಹೊಸ ಸೌಕರ್ಯವೊಂದನ್ನು ಸೇರಿಸುವ ಮೊದಲು, ಅದಕ್ಕಾಗಿ ಯಾವ ಮಾಹಿತಿಯನ್ನು ಕೇಳಬೇಕಾಗುತ್ತದೆ, ಅದನ್ನು ಕೇಳದೆಯೇ ಕೆಲಸ ಸಾಗದೆ ಎಂದು ಪ್ರತಿ ಸಲವೂ ಪ್ರಶ್ನಿಸಿಕೊಳ್ಳಬೇಕು.